ಉಗ್ರಾಣದ ಕೀಲಿಕೈ

ಕುರ್ಚಿ ಸಿಕ್ಕರೆ ಮನುಷ್ಯ ಬದಲಾಗುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ. ಅಷ್ಟು ದೊಡ್ಡ ಸಾಮಾನು ಬೇಕಾಗಿಲ್ಲ ಎಂಬುದು ನನ್ನ ವಾದ. ರಾಯಬಾಗದಲ್ಲಿ ನಮ್ಮ ಓಣಿಯ ಗೃಹಸ್ಥರೊಬ್ಬರು, ಎದುರಿಗೆ ಸಿಕ್ಕರೆ ನಮಸ್ಕಾರವನ್ನೂ ಅರ್ಧ ನುಂಗಿಯೇ ಹೇಳುವವರು, ಒಮ್ಮೆ ಸತ್ಕಾರ ಸಮಾರಂಭದಲ್ಲಿ ವಂದನಾರ್ಪಣೆಗೆಂದು ಮೈಕು ಹಿಡಿದರು. ಸತ್ಕಾರ ಮಾಡಿಸಿಕೊಂಡವರು ಉಂಡು ಮನೆಗೆ ಹೋದರೂ ಇವರು ಮೈಕು ಬಿಡಲಿಲ್ಲ. ನಮ್ಮ ಭೂಪಾಲನನ್ನು ಕೆಡಿಸಲು ಮೈಕೂ ಬೇಕಾಗಲಿಲ್ಲ, ಬೆರಳುದ್ದದ ಒಂದು ಕೀಲಿಕೈ ಸಾಕಾಯಿತು. ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಭೂಪಾಲ ನನ್ನ ಹೆಂಡತಿಯ ತಮ್ಮ. ಚಿಕ್ಕೋಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಅಂಗಡಿಯ ಸೀರೆಗಳನ್ನೆಲ್ಲ ಬಿಚ್ಚಿಸಿ ಏನೂ ಕೊಳ್ಳದೆ ಎದ್ದ ಗಿರಾಕಿಗೂ ಬಾಗಿಲ ತನಕ ಹೋಗಿ ಕೈಮುಗಿಯುವ ಜೀವ. ಅಂಕಲಿಯಲ್ಲಿ ನನ್ನ ಅಣ್ಣನ ಮಗಳ ಮದುವೆ. ಮದುವೆ ಮನೆಯ ಉಗ್ರಾಣವನ್ನು ಮನೆಯವರಿಗೆ ಒಪ್ಪಿಸಿದರೆ ಮನೆಯವರೇ ಜಗಳಾಡುತ್ತಾರೆಂದು ನಮ್ಮ ಮನೆತನದಲ್ಲಿ ಬೀಗರೊಬ್ಬರಿಗೆ ಕೀಲಿಕೈ ಕೊಡುವುದು ರೂಢಿ. ಅಣ್ಣ ಅದನ್ನು ಭೂಪಾಲನಿಗೆ ಕೊಟ್ಟ. ಹುಡುಗಿಯ ಸ್ವಂತ ಕಾಕಾ ಆದ ನಾನು ಪಕ್ಕದಲ್ಲೇ ನಿಂತಿದ್ದೆ. ನನಗೇನೂ ಬೇಸರವಾಗಲಿಲ್ಲ, ಸುಮ್ಮನೆ ಮಾತಿಗೆ ಹೇಳಿದೆ.

ಕೀಲಿಕೈ ಉಡದಾರಕ್ಕೆ ಸೇರಿದ್ದೇ ತಡ, ಭೂಪಾಲನ ಕೈಗಳೆರಡೂ ಬೆನ್ನ ಹಿಂದೆ ಹೋದವು, ನಡಿಗೆ ಬದಲಾಯಿತು. ಸಕ್ಕರೆ ಕೇಳಲು ಬಂದ ಹೆಂಗಸರನ್ನು ಬಾಗಿಲಲ್ಲೇ ನಿಲ್ಲಿಸಿ, "ಮುಂಜಾನೆ ಒಯ್ದದ್ದ ಏನ್ ಮಾಡಿದ್ರಿ?" ಎಂದು ವಿಚಾರಣೆ ಶುರು ಮಾಡಿದ. ನಾನು ಒಂದಿಷ್ಟು ಚಹಾಪುಡಿ ಕೇಳಿದರೆ, "ಮಾವಾ, ನಿಮಗ ಕೊಟ್ರ ಎಲ್ಲಾರಿಗೂ ಕೊಡಬೇಕಾಕ್ಕೈತ್ರಿ," ಎಂದ. ನನ್ನ ಅಣ್ಣನ ಮನೆ, ನನ್ನ ಅಣ್ಣನ ಚಹಾಪುಡಿ! ಎಂಥ ಸೊಕ್ಕು ನೋಡಿ.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ನಾವು ಜೈನರು. ಹೊತ್ತು ಮುಳುಗಿದ ಮೇಲೆ ಹಿರಿಯರು ಅನ್ನ ಮುಟ್ಟುವುದಿಲ್ಲ. ಅದರಲ್ಲೂ ನಮ್ಮ ಸೋದರತ್ತೆ ಚಂಪಕ್ಕನದು ಆ ದಿನ ಒಂದೇ ಊಟದ ವ್ರತ. ಆ ಒಂದು ಊಟವನ್ನು ಮೊಮ್ಮಗಳ ಮದುವೆಯ ಪಂಕ್ತಿಯಲ್ಲೇ ಮಾಡುತ್ತೇನೆಂದು ಮುದುಕಿ ಬೆಳಗಿನಿಂದ ಬರಿಹೊಟ್ಟೆಯಲ್ಲಿದ್ದಳು. ಸಂಜೆ ಅಡುಗೆ ಸಿದ್ಧವಾಗಿ ಹಿರಿಯರ ಪಂಕ್ತಿ ಕುಳಿತೂ ಆಯಿತು. ತಾಟುಗಳು ಮಾತ್ರ, ಬಾಡಿಗೆಯವು ಮನೆಯವು ಎಲ್ಲ, ಉಗ್ರಾಣದಲ್ಲಿ. ಭೂಪಾಲ ಬಾಗಿಲಿಗೆ ಅಡ್ಡ ನಿಂತು, "ಎಷ್ಟ್ ಮಂದಿ ಕುಂತಾರ? ಎಣಿಸ್ಕೊಂಡ್ ಬರ್ರಿ, ಆಮ್ಯಾಲ ತಾಟ," ಎನ್ನುತ್ತಿದ್ದ.

"ಹೊತ್ತ ಮುಳಗಾಕತ್ತೈತಿ, ಅತ್ತಿ ಹಸದ ಕುಂತಾಳ! ಮನಷ್ಯಾ ಅದೀಯೇನಲೇ ನೀ?" ಎಂದು ನಾನು ಕೂಗಾಡಿದೆ. ಇಡೀ ಚಪ್ಪರ ನನ್ನ ಪರವಾಯಿತು. ಅಣ್ಣ ಓಡಿಬಂದು ಭೂಪಾಲನಿಂದ ಕೀಲಿಕೈ ಬಿಚ್ಚಿಸಿ ನನ್ನ ಕೈಗಿಟ್ಟ. ಭೂಪಾಲ ತಲೆ ತಗ್ಗಿಸಿ ಹೋದ. ನಾನು ಕೀಲಿಕೈಯನ್ನು ಭದ್ರವಾಗಿ ಸೊಂಟಕ್ಕೆ ಕಟ್ಟಿಕೊಂಡು ಒಳಗೆ ಹೋದೆ.

ಒಳಗಿನ ಅವಸ್ಥೆ ನೋಡಿ ಮತ್ತೆ ಸಿಟ್ಟು ನೆತ್ತಿಗೇರಿತು. ಬಾಡಿಗೆ ತಾಟುಗಳ ಜೊತೆ ಮನೆಯ ತಾಟುಗಳನ್ನು ಬೆರೆಸಿಟ್ಟಿದ್ದ! ನಾಳೆ ಒಂದು ಕಡಿಮೆಯಾದರೆ ಉತ್ತರ ಕೊಡುವವರು ಯಾರು? ಈಗ ಜವಾಬ್ದಾರಿ ನನ್ನದು. "ಒಂದ್ ನಿಮಿಷ ತಡೀರಿ," ಎಂದು ಬೇರ್ಪಡಿಸಲು ಕುಳಿತೆ. ಒಳಗೆ ಬಂದು ತಾಟಿಗೆ ಕೈ ಹಾಕಿದ ಅಡುಗೆಯವನನ್ನು, "ಯಾರನ್ನ ಕೇಳಿ ಬಂದಿ?" ಎಂದು ಗದರಿ ಹೊರಗೆ ಕಳಿಸಿದೆ. ಶಿಸ್ತು ಬೇಡವೇ? ಸರಿಯಾಗಿ ಕಾಣಿಸದಾದಾಗ ಮೊಬೈಲಿನ ಬ್ಯಾಟರಿ ಹಚ್ಚಿಕೊಂಡೆ. ಬಾಗಿಲಲ್ಲಿ ಅಣ್ಣ ಏನೇನೋ ಕೂಗುತ್ತಿದ್ದ. ಉಗ್ರಾಣದ ಕಷ್ಟ ಹೊರಗಿನವರಿಗೆ ಏನು ತಿಳಿಯಬೇಕು!

ತಾಟುಗಳನ್ನು ಒಪ್ಪವಾಗಿ ಹೊತ್ತು ಹೊರಗೆ ಬಂದಾಗ ಚಪ್ಪರದಲ್ಲಿ ದೀಪ ಹಾಕಿದ್ದರು. ಹಿರಿಯರ ಪಂಕ್ತಿ ಎದ್ದು ಹೋಗಿತ್ತು. ಚಂಪಕ್ಕತ್ತೆ ಒಬ್ಬಳೇ ಗೋಡೆಗೆ ಒರಗಿ ಕುಳಿತಿದ್ದಳು, ಮುಖ ಬಾಡಿತ್ತು. ತಾಟುಗಳನ್ನು ಕೆಳಗಿಟ್ಟು ಹತ್ತಿರ ಹೋದೆ. "ನೋಡಿದೇನ ಅತ್ತಿ, ಆ ಭೂಪಾಲ ಮಾಡಿದ್ದ ಕೆಲಸಾ!" ಎಂದೆ.

ಅತ್ತೆ ನನ್ನ ಸೊಂಟದ ಕಡೆ ನೋಡಿದಳು. "ಕೀಲಿಕೈ ಹೋದ ಮ್ಯಾಲ ಅಂವಾ ಬಂದು ನನ್ನ ಕಾಲ ಹಿಡಕೊಂಡ ಅತ್ತಾನಪಾ," ಎಂದಳು. "ನಿನ್ನ ಕಡೆ ಇನ್ನೂ ಐತಿ."

ಉಗ್ರಾಣದ ಬಾಗಿಲು ತೆರೆದೇ ಬಿಟ್ಟು ಬಂದದ್ದು ಅಷ್ಟರಲ್ಲಿ ನೆನಪಾಯಿತು. ಲಗುಬಗೆಯಿಂದ ಹೋಗಿ ಕೀಲಿ ಹಾಕಿ, ಎರಡು ಸಲ ಜಗ್ಗಿ ನೋಡಿದೆ.