ಹಿಂದಿನ ಸೀಟು ಮಡಚಿದರೆ

ತಮ್ಮ ವಸ್ತುವನ್ನು ತಾವೇ ಹೊಗಳಿಕೊಳ್ಳುವ ಚಟ ಇರುವವರು ಡಿಕ್ಕಿ ದೊಡ್ಡದಿರುವ ಕಾರನ್ನು ಕೊಳ್ಳಬಾರದು. ಇದು ತಿಳಿಯುವಷ್ಟರಲ್ಲಿ ನಾನು ಕೊಂಡಾಗಿತ್ತು. ಸೆಕೆಂಡ್ ಹ್ಯಾಂಡ್ ಸ್ಟೇಷನ್ ವ್ಯಾಗನ್. ಮುಂದಿನಿಂದ ನೋಡಿದರೆ ಸಾಧಾರಣ ಕಾರು, ಹಿಂದಿನಿಂದ ನೋಡಿದರೆ ಯಾರೋ ಒಂದು ಕೋಣೆ ಸೇರಿಸಿ ಕಟ್ಟಿದ ಹಾಗೆ. ಕೊಂಡದ್ದು ನನ್ನ ಸೊಂಟನೋವಿಗಾಗಿ. ಹಿಂದಿನ ಸೀಟಿನಲ್ಲಿ ಕೂತ ಮೊದಲ ದಿನವೇ ಬೆನ್ನು ಹಾಯಾಗಿ ಒರಗಿತು, ಕಾಲು ಚಾಚಿತು. ಎಷ್ಟೋ ತೈಲಗಳು ಮಾಡದ ಉಪಕಾರವನ್ನು ಆ ಸೀಟು ಮಾಡಿತು.

ಕಾರು ಓಡಿಸುವವಳು ನನ್ನ ಹೆಂಡತಿ ವತ್ಸಲಾ. ನಾನೂ ಕಲಿತವನೇ; ಆದರೆ ಅಡ್ಯಾರಿನ ನಮ್ಮ ಅಪಾರ್ಟ್‌ಮೆಂಟಿನ ಕಂಬವೊಂದಕ್ಕೆ ಗುದ್ದಿದ ಮೇಲೆ ಬೀಗದಕೈ ಅವಳ ಬಳಿಯೇ ಇದೆ. ನನಗೆ ಉಳಿದದ್ದು ಕೂರುವುದು ಮತ್ತು ಹೊಗಳುವುದು. ಲಿಫ್ಟಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಆಫೀಸಿನಲ್ಲಿ ಸಹಿ ಕೇಳಲು ಬಂದವರಿಗೂ, "ಹಿಂದಿನ ಸೀಟು ಮಡಚಿದ್ರೆ ಸಾಕು ಸಾರ್, ಒಂದು ಸಂಸಾರವೇ ಹಿಡಿಸುತ್ತೆ" ಎನ್ನುತ್ತಿದ್ದೆ. ಕೇಳಿದವರು ಯಾರೂ ಮರೆಯಲಿಲ್ಲ. ಒಬ್ಬರ ವಾಷಿಂಗ್ ಮೆಷಿನ್ ಬಂತು, ಇನ್ನೊಬ್ಬರ ಮಗಳ ಹಾಸ್ಟೆಲ್ ಹಾಸಿಗೆ ಬಂತು. ಪ್ರತಿ ಸಲವೂ ಮಡಚಿದ್ದು ನನ್ನ ಸೀಟನ್ನೇ.

ಈ ಸಲ ನವರಾತ್ರಿಗೆ ಮುಂಚೆ ನಾವೇ ದೊಡ್ಡ ಪೇಟೆಯಾದ ಪ್ಯಾರೀಸ್ ಕಾರ್ನರ್‌ಗೆ ಹೋದೆವು. ಗೊಂಬೆ ಕೂರಿಸುವ ಹಲಗೆಗಳಿಗೆ ಗೆದ್ದಲು ಹಿಡಿದಿತ್ತು. ಹೊಸದಾಗಿ ಏಳು ಉದ್ದನೆಯ ಹಲಗೆ ಕೊಂಡೆವು, ಜೊತೆಗೊಂದು ಮಣ್ಣಿನ ದಶಾವತಾರದ ಸೆಟ್ಟು. ಎಡಗಡೆಯ ಮುಂದಿನ ಸೀಟನ್ನು ಒರಗಿಸಿ, ಅದರ ಹಿಂದಿನದನ್ನು ಮಡಚಿ ಹಲಗೆಗಳನ್ನು ಮಲಗಿಸಿದ್ದಾಯಿತು. ಉಳಿದದ್ದು ವತ್ಸಲಾಳ ಹಿಂದಿನ ಒಂದೇ ಸೀಟು. ಮಗಳು ಅನು ಗೊಂಬೆಗಳ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಿ ಕೂತುಬಿಟ್ಟಳು.

"ಎರಡು ಹಲಗೆ ಬಿಟ್ಟುಬಿಡೋಣ ಕಣೇ. ಮೆಟ್ಟಿಲು ಬೆಸ ಇದ್ರೆ ಸಾಕಲ್ವಾ, ಐದೂ ಬೆಸವೇ," ಎಂದೆ.

"ನಮ್ಮಮ್ಮ ಮೈಸೂರಲ್ಲಿ ಏಳೇ ಕೂರಿಸ್ತಾ ಇದ್ದಿದ್ದು."

"ಹಾಗಿದ್ರೆ ಬುಟ್ಟಿ ನಾನು ಹಿಡ್ಕೋತೀನಿ." ಹದಿನೈದು ವರ್ಷದ ಮಗಳನ್ನು ಬಸ್ಸಿಗೆ ಅಟ್ಟುವ ಯೋಚನೆ ನನಗೆ ಬಂತೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

"ಹೋದ ವರ್ಷ ವಾಮನನ ಕೊಡೆ ಮುರಿದಿದ್ದು ಯಾರು? ರೀ, ನೀವು ಬಸ್ಸಲ್ಲಿ ಬಂದುಬಿಡಿ. ಗಾಡೀಲಿ ಜಾಗ ಇಲ್ಲ," ಎಂದಳು ವತ್ಸಲಾ.

"ಅಪ್ಪಾ, ನೀಂಗ ಬಸ್ಸುಲ ವಾಂಗ," ಎಂದು ಈ ತಮಿಳು ಊರಿನಲ್ಲೇ ಬೆಳೆದ ಮಗಳೂ ತಮಿಳಿನಲ್ಲಿ ಅದನ್ನೇ ಹೇಳಿದಳು. ಹತ್ತೂ ಅವತಾರಗಳು ನನ್ನ ಸೀಟಿನಲ್ಲಿ ಮನೆಗೆ ಹೊರಟವು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರತಿ ಬ್ರೇಕಿಗೂ ಸೊಂಟ ಚುಳುಕ್ ಎನ್ನುತ್ತಿತ್ತು. ನಿಜಕ್ಕೂ ಬೇಜಾರಾಯಿತು, ಇನ್ನು ಆ ಕಾರಿನ ಬಗ್ಗೆ ಯಾರ ಮುಂದೆಯೂ ಬಾಯಿ ಬಿಡಬಾರದೆಂದು ನಿರ್ಧರಿಸಿದೆ. ಅಷ್ಟರಲ್ಲಿ ಆಫೀಸಿನ ಶೇಖರ್ ಪಕ್ಕಕ್ಕೆ ತೂರಿಕೊಂಡು ಬಂದು, "ಎನ್ನ ಸಾರ್, ಕಾರ್ ಎಂಗೆ?" ಎಂದು, ಕಾರೆಲ್ಲಿ ಅಂತ ತಮಿಳಿನಲ್ಲಿ ಕೇಳಿದರು.

"ಮುಂದೆ ಹೋಯಿತು. ಏಳು ಹಲಗೆ ಸಾರ್, ಸಲೀಸಾಗಿ ಹಿಡಿಸಿತು," ಎಂದೆ.

ಅವರು ಸ್ವಲ್ಪ ಯೋಚಿಸಿ, ತಮ್ಮ ಮನೆಯದೊಂದು ಬೀರುವನ್ನು ತಂಗಿಯ ಮನೆಗೆ ಸಾಗಿಸಬೇಕಾಗಿದೆ ಎಂದರು.

"ಒಂದೇ ಬೀರುವಾ?" ಎಂದೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಸೊಂಟ ಹಿಡಿದುಕೊಂಡು.