ಮಾವನ ತೊಂಬತ್ತೊಂದು ಗ್ರಹಣಗಳು

ನನ್ನ ಸೋದರಮಾವನ ಕಣ್ಣು ಅಂತಿಂಥ ಕಣ್ಣಲ್ಲ. ಕಾಲ ಬುಡದಲ್ಲಿದ್ದ ಚಪ್ಪಲಿ ಅವರಿಗೆ ಕಾಣುತ್ತಿರಲಿಲ್ಲ ನಿಜ. ಆದರೆ ಆಕಾಶದ ಯಾವುದೋ ಮೂಲೆಯ ನಕ್ಷತ್ರಕ್ಕೆ ಮೈಲಿಗೆಯಾದರೆ ಹೊಳೆನರಸೀಪುರದ ಬಚ್ಚಲುಮನೆಯಲ್ಲಿ ನಿಂತೇ ಅವರಿಗೆ ಗೊತ್ತಾಗಿಬಿಡುತ್ತಿತ್ತು! ಆ ನಕ್ಷತ್ರದಿಂದ ನನ್ನ ಮದುವೆಯೇ ನಿಂತುಹೋಗುವುದರಲ್ಲಿತ್ತು ಎಂದರೆ ನೀವು ನಂಬುತ್ತೀರಾ?

ಮಾವ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ಬಂಧುಬಳಗಕ್ಕೆಲ್ಲ ಮುಹೂರ್ತ ಇಟ್ಟುಕೊಡುವವರು. ಅಪ್ಪ ತೀರಿಕೊಂಡ ಮೇಲೆ ಹಾಸನದ ನಮ್ಮ ಮನೆಗೆ ಅವರೇ ಹಿರಿಯರು. ಅವರಿಗೂ ಅತ್ತೆಗೂ ಮಕ್ಕಳಿಲ್ಲ. ನನ್ನನ್ನು ಧಾರೆ ಎರೆಯಬೇಕಾದವರೂ ಅವರೇ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಚನ್ನರಾಯಪಟ್ಟಣದ ಮೇಷ್ಟರೊಬ್ಬರ ಜೊತೆ ನನ್ನ ಸಂಬಂಧ ಕುದುರಿತ್ತು. ಮೇಷ್ಟರು ನನಗೆ ತುಂಬಾ ಹಿಡಿಸಿದ್ದರು, ಮುಚ್ಚಿಡುವುದೇನು?

ಅದೇ ವಾರ ಪತ್ರಿಕೆಯ ವಿಜ್ಞಾನದ ಪುಟದಲ್ಲಿ ಆ ನಕ್ಷತ್ರದ ಸುದ್ದಿ ಬಂತು. ನಮ್ಮ ಸೂರ್ಯನಿಗಿಂತ ವಯಸ್ಸಾದದ್ದಂತೆ. ಒಡಲಿನ ಉರುವಲು ತೀರಿ ಊದಿಕೊಳ್ಳಲು ಶುರುವಾಗಿದೆ, ಇನ್ನೂ ಪೂರ್ತಿ ದೈತ್ಯನಾಗಿಲ್ಲ. ಅದನ್ನು ಸುತ್ತುವ ಗ್ರಹವೊಂದು ನಾಲ್ಕು ದಿನಕ್ಕೊಮ್ಮೆ ಎದುರಿಗೆ ಹಾದುಹೋಗುತ್ತದೆ, ಆಗ ಬೆಳಕು ಕೂದಲೆಳೆಯಷ್ಟು ಕುಂದುತ್ತದೆ. ಊರಿನವರೆಲ್ಲ ಓದಿ ಪುಟ ತಿರುಗಿಸಿದರು. ಮಾವ ಎದ್ದುಹೋಗಿ ತಲೆಗೆ ತಣ್ಣೀರು ಸುರಿದುಕೊಂಡರು!

"ಅಡ್ಡ ಬಂದು ಬೆಳಕು ಕುಂದಿದ ಮೇಲೆ ಅದು ಗ್ರಹಣ ಅಲ್ದೆ ಇನ್ನೇನೇ?" ಎಂದು ಅತ್ತೆಯನ್ನು ಕೇಳಿದರಂತೆ. ಕಣ್ಣಿಗೆ ಕಾಣದ ಗ್ರಹಣಕ್ಕೆ ಆಚರಣೆಯಿಲ್ಲ ಎಂದು ನಿಮ್ಮ ಪಂಚಾಂಗವೇ ಹೇಳುತ್ತದಲ್ಲ ಎಂದು ಅತ್ತೆ ಕೇಳಿದ್ದಕ್ಕೆ, ಕನ್ನಡಕ ಹಾಕಿ ನೋಡಿದರೂ ನೋಡಿದ ಹಾಗೆಯೇ, ದೂರದರ್ಶಕ ಸ್ವಲ್ಪ ದೊಡ್ಡ ಕನ್ನಡಕ ಅಷ್ಟೆ ಎಂದರು. ಪತ್ರಿಕೆಯಲ್ಲಿದ್ದ ಒಂದು ಗ್ರಹಣದ ವೇಳೆಯನ್ನು ಹಿಡಿದು ಗುಣಿಸಿ ಗುಣಿಸಿ, ವರ್ಷಕ್ಕೆ ತೊಂಬತ್ತೊಂದು ಗ್ರಹಣಗಳ ಪಟ್ಟಿ ತಯಾರಿಸಿದರು. ಉಪ್ಪಿನಕಾಯಿ ಜಾಡಿಯಿಂದ ಹಿಡಿದು ದೋಸೆಹಿಟ್ಟಿನವರೆಗೆ ಎಲ್ಲದಕ್ಕೂ ದರ್ಭೆ ಬಿತ್ತು.

ಅರಕಲಗೂಡಿನಲ್ಲಿ ನೆಂಟರ ಗೃಹಪ್ರವೇಶ. ಪಾಯಸ ಬಡಿಸುತ್ತಿದ್ದಾರೆ, ಮಾವ ಗಡಿಯಾರ ನೋಡಿ ಎಲೆಯ ಮುಂದಿನಿಂದ ಎದ್ದುಬಿಟ್ಟರು. ಗ್ರಹಣ ಹಿಡಿದಿದೆ ಎಂದದ್ದೇ ತಡ, ನೂರು ಜನರ ಕೈಗಳು ಬಾಯಿಯ ಹತ್ತಿರ ಬಂದು ನಿಂತವು. ಆ ಮನೆಯ ಬಸುರಿ ಸೊಸೆಯನ್ನು ಗಾಬರಿಯಲ್ಲಿ ಉಗ್ರಾಣಕ್ಕೆ ತಳ್ಳಿ ಚಿಲಕ ಹಾಕಿದರು. ಗ್ರಹಣದಲ್ಲಿ ಬಸುರಿಯರು ಏನೂ ತಿನ್ನಬಾರದು ನೋಡಿ! ಚಿರೋಟಿಯ ಬುಟ್ಟಿಗಳೂ ಅದೇ ಉಗ್ರಾಣದಲ್ಲಿದ್ದವು. ಅಂದು ಹೊಟ್ಟೆ ತುಂಬ ಉಂಡವಳು ಅವಳೊಬ್ಬಳೇ.

ಮಾವನ ಬಾಯಿ ಕಟ್ಟಿದವನು ಬಾಗೂರಿನ ಒಬ್ಬ ರೈತ. ಮನೆಗೆ ಪಾಯ ತೆಗೆಯಲು ದಿನ ಕೇಳಲು ಬಂದಿದ್ದ. ಗ್ರಹಣದ ಕಥೆಯೆಲ್ಲ ಕೇಳಿ, ಆ ನಕ್ಷತ್ರದ ಬೆಳಕು ಇಲ್ಲಿಗೆ ಬರಲು ಎಷ್ಟು ಕಾಲ ಬೇಕೆಂದು ವಿಚಾರಿಸಿದ. ನೂರಾರು ವರ್ಷ ಎಂದರು ಮಾವ.

"ಅಂಗಾದ್ರೆ ಇದು ನಮ್ ಮುತ್ತಜ್ಜನ ಕಾಲದ ಗ್ರಾಣ ಕಣ್ ಸಾ. ಅವ್ರೇ ಮಿಂದು ಮುಗ್ಸಿರ್ತಾರೆ, ನಮ್ಗ್ಯಾಕೆ?"

ಎರಡು ದಿನ ಮಾವ ಪಟ್ಟಿ ಮುಟ್ಟಲಿಲ್ಲ. ಪೀಡೆ ತೊಲಗಿತೆಂದು ಅತ್ತೆ ಜಾಡಿಯಿಂದ ದರ್ಭೆ ತೆಗೆದೂ ಬಿಟ್ಟರು. ಮೂರನೆಯ ದಿನ ಮಾವ ನಗುತ್ತಾ ಎದ್ದರು. ದೂರದ ನೆಂಟರು ಸತ್ತ ಸುದ್ದಿ ತಡವಾಗಿ ಬಂದರೆ ಸೂತಕ ಯಾವತ್ತಿನಿಂದ? ಕೇಳಿದ ದಿನದಿಂದ ತಾನೆ? ಹಾಗೆಯೇ ಇದೂ!

ಇಷ್ಟರವರೆಗೆ ನಾನೂ ನಗುತ್ತಿದ್ದೆ. ಚನ್ನರಾಯಪಟ್ಟಣದಿಂದ ಬೀಗರು ಮುಹೂರ್ತಕ್ಕೆಂದು ಬಂದ ದಿನ ನಗು ನಿಂತಿತು. ಗ್ರಹಣದ ಹಿಂದೆ ಮೂರು ದಿನ, ಮುಂದೆ ಮೂರು ದಿನ ಶುಭಕಾರ್ಯ ಕೂಡದಂತೆ. ನಾಲ್ಕು ದಿನಕ್ಕೊಂದು ಗ್ರಹಣವಾದರೆ ಉಳಿಯುವ ದಿನ ಯಾವುದು? ಒಂದೂ ಇಲ್ಲ! ನಮಗೆಲ್ಲ ಸಿಡಿಲು ಬಡಿದಂತಾಯಿತು. ಇದು ಯಾವತ್ತಿಗೆ ಮುಗಿಯುತ್ತದೆ ಎಂದು ಬೀಗರು ತಾಳ್ಮೆಯಿಂದಲೇ ಕೇಳಿದರು.

"ನಕ್ಷತ್ರ ಊದಿಕೊಳ್ತಾ ಇದೆಯಲ್ಲ, ಒಂದು ದಿನ ಆ ಗ್ರಹಾನ ನುಂಗತ್ತೆ. ಆಮೇಲೆ ಅಡ್ಡಿಯಿಲ್ಲ," ಎಂದರು ಮಾವ. "ಇನ್ನು ಕೆಲವು ಕೋಟಿ ವರ್ಷ, ಅಷ್ಟೆ."

ಬೀಗರು ಕಾಫಿ ಲೋಟ ಕೆಳಗಿಟ್ಟು ಎದ್ದರು. ಈ ತಿಂಗಳೊಳಗೆ ದಿನ ಇಟ್ಟರೆ ಸರಿ, ಇಲ್ಲದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಹೇಳಿ ಹೊರಟರು. ಅಮ್ಮ ಅಡುಗೆಮನೆಯಲ್ಲಿ ಅತ್ತಳು. ನಾನು ಮಾವನ ಮುಖ ನೋಡದೆ ಕೋಣೆ ಸೇರಿದೆ. ಅವರ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ವಾರದ ನಂತರ ಮಾವನೇ ದಿನ ಬರೆದು ಕಳಿಸಿದರು. ಅಮ್ಮ ಗ್ರಹಣದ ಪಟ್ಟಿ ತೆಗೆದು ನೋಡಿದಳು. ಗ್ರಹಣದ ಹಿಂದಲ್ಲ, ಮುಂದಲ್ಲ, ಸರಿಯಾಗಿ ನಟ್ಟನಡುವೆ ಮುಹೂರ್ತ! ಯಾರೂ ಬಾಯಿ ಬಿಡಲಿಲ್ಲ. ಎಲ್ಲಿ ಮತ್ತೆ ಬದಲಾಯಿಸಿಬಿಡುತ್ತಾರೋ ಎಂಬ ಭಯ.

ಮದುವೆಯ ದಿನ ಧಾರೆಗೆ ಕರೆದಾಗ ಮಾವ ಛತ್ರದ ಬಾವಿಕಟ್ಟೆಯಿಂದ ನೇರವಾಗಿ ಮಂಟಪಕ್ಕೆ ಬಂದರು, ಉಟ್ಟ ಪಂಚೆಯಲ್ಲೇ ಮಿಂದು, ನೀರು ಸುರಿಸುತ್ತಾ. ಪುರೋಹಿತರು ಮಂತ್ರ ಮರೆತರು, ಬೀಗರು ಕಣ್ಣು ಮುಚ್ಚಿಕೊಂಡರು. ಇವತ್ತು ಕೂಡದು ಅಂದವರು ನೀವೇ ಅಲ್ಲವೇ ಎಂದು ನಾನು ಮೆಲ್ಲಗೆ ಕೇಳಿದೆ.

"ಬೇರೆ ಯಾವುದಕ್ಕೂ ಕೂಡದು ಕಣೇ. ಆದ್ರೆ ಗ್ರಹಣದಲ್ಲಿ ಮಾಡಿದ ದಾನಕ್ಕೆ ಕೋಟಿಪಟ್ಟು ಪುಣ್ಯ," ಎಂದರು ಮಾವ.

ದಾನ ಕೊಡೋಕೆ ನಾನೇನು ಹಸುವೇ? ಸಿಟ್ಟು ಇನ್ನೂ ಇತ್ತು. ಅಷ್ಟೊಂದು ಪುಣ್ಯ ಕಟ್ಟಿಕೊಂಡು ಏನು ಮಾಡುತ್ತೀರಿ ಎಂದು ಕುಟುಕಿದೆ.

"ನನಗ್ಯಾಕಮ್ಮ? ಅಷ್ಟೂ ನಿನಗೇ ಬರಲಿ ಅಂತ ಬೆಳಿಗ್ಗೇನೇ ಸಂಕಲ್ಪ ಮಾಡಿಬಿಟ್ಟಿದ್ದೀನಿ. ಅಪ್ಪ ಇಲ್ಲದ ಮಗು ನೀನು, ಬರೀ ಕೈಲಿ ಹೆಂಗೆ ಕಳಿಸಲಿ?"

ಅತ್ತೆ ಧಾರೆಯ ನೀರು ಬಿಟ್ಟರು. ಮದುಮಗಳು ಎಂಬುದನ್ನೂ ಮರೆತು ನಾನು ಮಾವನ ಆ ಒದ್ದೆ ಎದೆಗೆ ಒರಗಿ ಗೊಳೋ ಎಂದು ಅತ್ತುಬಿಟ್ಟೆ.