ಆಯ್ಕೆ ಸಮಿತಿಯಲ್ಲೊಂದು ಸೀಮೆಹಸು

ಒಂಟಿಯಾಗಿರುವವರಿಗೆ ನೆಂಟರಿಷ್ಟರು ಬೇಕೆನಿಸಿದರೆ ಒಂದು ಉಪಾಯವಿದೆ. ಸುಲಭಕ್ಕೆ ಸೀಟು ಸಿಗದ ಕಾಲೇಜಿನ ಆಯ್ಕೆ ಸಮಿತಿಯಲ್ಲಿ ಹೋಗಿ ಕೂರಬೇಕು. ಮಂಡ್ಯದ ಹತ್ತಿರದ ಅಂಥದೊಂದು ಪಿಯು ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರದ ಉಪನ್ಯಾಸಕಿ. ಮದುವೆ ಮಾಡಿಕೊಳ್ಳಲಿಲ್ಲ, ಯಾಕೆಂದು ಕೇಳುವವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ. ವರ್ಷದ ಬಹುಪಾಲು ನನ್ನ ಮನೆಯ ಗೇಟು ಸದ್ದು ಮಾಡಿದರೆ ಅದು ಗಾಳಿ ಅಥವಾ ನಾಯಿ. ಹತ್ತನೇ ಕ್ಲಾಸಿನ ರಿಸಲ್ಟು ಬಂದ ಮೇಲೆ ನೋಡಬೇಕು! ಮಳವಳ್ಳಿ ಕಡೆಯಿಂದ ನಾನು ಕಂಡು ಕೇಳರಿಯದ ಚಿಕ್ಕಪ್ಪನೊಬ್ಬ ಬರುತ್ತಾನೆ. ನಮ್ಮಮ್ಮನ ತವರಿನ ಕಡೆಯಿಂದ ಲೆಕ್ಕ ಹಾಕಿ ನಾನು ಅವನ ಮೊಮ್ಮಗನಿಗೆ ಅತ್ತೆಯಾಗುತ್ತೇನೆಂದು ತೀರ್ಮಾನಿಸುತ್ತಾನೆ. ಜಗಲಿಯ ಮೇಲೆ ಎಳನೀರು, ಬೆಲ್ಲದ ಅಚ್ಚು. ಅವನ್ನೆಲ್ಲ ವಾಪಸು ಕಳಿಸುತ್ತೇನೆ, ಆದರೆ ಅವರು ಆಡಿದ ಮಾತನ್ನು ಮಾತ್ರ ಇಟ್ಟುಕೊಳ್ಳುತ್ತೇನೆ. ಸುಳ್ಳೇಕೆ ಹೇಳಲಿ, ಅಷ್ಟು ದಿನ ಮನೆಯಲ್ಲಿ ಮಾತಿರುತ್ತದೆ. ಸೀಟಿನ ಪಟ್ಟಿ ಅಂಟಿಸಿದ ಸಂಜೆಯೇ ನಾನು ಮತ್ತೆ ಯಾರಿಗೂ ಏನೂ ಆಗುವುದಿಲ್ಲ.

ನನ್ನ ಕೈಯಲ್ಲಿ ಏನೂ ಇಲ್ಲವೆಂದರೆ ಯಾರೂ ನಂಬುವುದಿಲ್ಲ. ನಮ್ಮಲ್ಲಿ ಅರ್ಜಿಗಳ ಮೇಲೆ ಹೆಸರು ಮುಚ್ಚಿರುತ್ತದೆ, ಬರೀ ನಂಬರು. ಪರಿಚಯದ ಮಗುವೆಂದು ಗೊತ್ತಾದರೆ ಎದ್ದು ಹೊರಗೆ ಹೋಗಬೇಕು. ಅಂಕದ ಮೇಲೆ ಆರಿಸೋಣವೆಂದರೆ ಎಲ್ಲರಿಗೂ ನೂರರ ಆಸುಪಾಸು. ಆಗ ಪ್ರಿನ್ಸಿಪಾಲರಿಗೆ ಇದ್ದಕ್ಕಿದ್ದಂತೆ ಖೋಖೋ ತಂಡ ನೆನಪಾಗುತ್ತದೆ. ಪೇಟೆ ಮಕ್ಕಳೇ ತುಂಬಿಹೋದರಲ್ಲ, ಹಳ್ಳಿಯವರನ್ನು ನೋಡಿ ಎಂದು ಒಬ್ಬರೆಂದರೆ, ಹಾಸ್ಟೆಲಿನಲ್ಲಿ ಹುಡುಗಿಯರ ಕೋಣೆ ಎಷ್ಟಿದೆ ಎಂದು ಇನ್ನೊಬ್ಬರು. ಊಟಕ್ಕೆ ಮುಂಚೆ ಬಂದ ಅರ್ಜಿಗಳಿಗೆ ನಾವು ಯಮನ ಕಡೆಯವರು. ಮೊಸರನ್ನ ಆದ ಮೇಲೆ ಬಂದವುಗಳಿಗೆ ತವರಿನವರು. ಇಷ್ಟರ ಮೇಲೆ ಪ್ರತಿ ಮಗುವೂ ತನ್ನ ಬಗ್ಗೆ ಒಂದು ಪುಟ ಬರೆಯಬೇಕು. ಡಾಕ್ಟರಾಗಿ ಬಡವರ ಸೇವೆ ಮಾಡುತ್ತೇನೆಂದು ಎಲ್ಲರೂ ಬರೆಯುತ್ತಾರೆ, ಬರೆಸಿದ ಟ್ಯೂಷನ್ನು ಒಂದೇ.

ಈ ವರ್ಷ ನನ್ನನ್ನು ಕಾಡಿದ್ದು ಬಂದವರಲ್ಲ, ಬಾರದವಳು. ಪುಟ್ಟತಾಯಿ ಡಿಗ್ರಿಯಲ್ಲಿ ನನ್ನ ಪಕ್ಕದ ಬೆಂಚಿನವಳು. ಮದ್ದೂರಿನ ಹತ್ತಿರದ ಕೊಪ್ಪಕ್ಕೆ ಮದುವೆಯಾಗಿ ಹೋಗಿ ಹಸು ಕಟ್ಟಿಕೊಂಡಿದ್ದಾಳೆ. ರಜೆಯಿದ್ದರೆ ನಾನು ಹೋಗುವುದು ಅವಳ ಮನೆಗೇ. ಅವಳ ಮಗಳು ಚೈತ್ರಾ ಈ ಸಲ ಹತ್ತನೇ ಕ್ಲಾಸು, ತುಂಬ ಜಾಣೆ. ಆದರೆ ಫಲಿತಾಂಶ ಬಂದಾಗಿನಿಂದ ಪುಟ್ಟತಾಯಿಯ ಫೋನಿಲ್ಲ. ಅವಳು ಕೇಳಿದರೆ ಹೇಗೆ ಇಲ್ಲವೆನ್ನುವುದೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದೆ. ಅವಳು ಕೇಳಲೇ ಇಲ್ಲವಲ್ಲ ಎಂದು ಆಮೇಲೆ ಸಿಟ್ಟೂ ಬಂತು.

ಹೀಗಿರುವಾಗ ಸಮಿತಿಯ ಮುಂದೆ ಒಂದು ಪುಟ ಬಂತು. ಕೊಪ್ಪ ಹೋಬಳಿಯ ಹುಡುಗಿ. ಅವರ ಸೀಮೆಹಸು ಅಮ್ಮನ ಸೀರೆ ಕಂಡರೆ ಮಾತ್ರ ಸೊರ ಬಿಟ್ಟು ಹಾಲಿಳಿಸುತ್ತದಂತೆ. ಅಮ್ಮ ಯಾವುದಾದರೂ ಮದುವೆಗೆ ಹೋದರೆ ಈ ಹುಡುಗಿ ಅಮ್ಮನ ಸೀರೆ ಸುತ್ತಿಕೊಂಡು ಹಾಲು ಕರೆದು, ಡೈರಿಗೆ ಹಾಕಿ, ಸೀರೆ ಬಿಚ್ಚಿಟ್ಟು ಸ್ಕೂಲಿನ ಬಸ್ಸಿಗೆ ಓಡುತ್ತಾಳಂತೆ. ಓದುತ್ತಿದ್ದ ಹಾಗೆ ಗುರುತು ಸಿಕ್ಕಿತು. ಪುಟ್ಟತಾಯಿಯ ಹಸು! ಅವಳ ಸೀರೆ ಕಾಣದಿದ್ದರೆ ಅದು ಹಾಲು ಕೊಡದ್ದನ್ನು ನಾನೇ ಕಂಡಿದ್ದೆ. ನಾನು ಎದ್ದು ಹೊರಗೆ ಹೋಗಬೇಕಿತ್ತು. ಆದರೆ ಹೆಸರು ಮುಚ್ಚಿದೆಯಲ್ಲ, ಹಸುವಿನ ಪರಿಚಯಕ್ಕೆ ನಿಯಮವಿಲ್ಲವಲ್ಲ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡು ಕುಳಿತೆ. ಸೀರೆ ಉಟ್ಟಿದ್ದಕ್ಕೆಲ್ಲ ಸೀಟು ಕೊಡುವುದಾದರೆ ಹೇಗೆ ಎಂದು ಭೌತಶಾಸ್ತ್ರದವರು ನಕ್ಕರು. ನಾನು ಅವರ ಮೇಲೆ ಹರಿಹಾಯ್ದೆ. ಕೊನೆಗೆ ಕಾಫಿ ಆರಿಹೋಗುತ್ತಿದೆ ಎಂಬ ಕಾರಣಕ್ಕೆ ಎಲ್ಲರೂ ಒಪ್ಪಿದರು.

ಪಟ್ಟಿ ಅಂಟಿಸಿದ ಮಾರನೆಯ ಭಾನುವಾರ, ಪಟ್ಟಿಯನ್ನು ನೋಡುವ ವ್ಯವಧಾನವೂ ಇಲ್ಲದೆ ಬಸ್ಸು ಹತ್ತಿದೆ. ಕೊಪ್ಪದಲ್ಲಿ ನನಗೆ ಒಬ್ಬಟ್ಟು ಕಾದಿರುತ್ತದೆಂದುಕೊಂಡಿದ್ದೆ. ಪುಟ್ಟತಾಯಿ ಹುಲ್ಲು ಕತ್ತರಿಸುತ್ತಿದ್ದಳು. ಇಷ್ಟು ದಿನ ಕಾಣದವಳು ಈಗ ಬಂದೆಯಾ ಎನ್ನುವ ಹಾಗೆ ನೋಡಿ ಮಣೆ ಹಾಕಿದಳು. ಚೈತ್ರಾಗೆ ಸೀಟು ಸಿಕ್ಕಿತಲ್ಲ, ಸಂತೋಷವೇ ಎಂದೆ.

“ಯಾವ ಸೀಟೇ? ನಿಮ್ ಕಾಲೇಜ್ಗೆ ನಾವು ಅರ್ಜೀನೇ ಆಕಿಲ್ಲ.”

ಹಾಗಾದರೆ ಅಮ್ಮನ ಸೀರೆ ಸುತ್ತಿಕೊಂಡು ಹಾಲು ಕರೆದ ಹುಡುಗಿ ಯಾರು ಎಂದು ಕೇಳಿದೆ. ಅವಳು ಕುಡುಗೋಲು ಪಕ್ಕಕ್ಕಿಟ್ಟು ನಕ್ಕಳು. ಹಸು ಇರುವ ಮನೆಯಲ್ಲೆಲ್ಲ ಹೆಣ್ಣುಮಕ್ಕಳು ಮಾಡುವುದೇ ಅದಂತೆ. ಅವಳ ಬೀದಿಯಲ್ಲೇ ಅಂಥ ನಾಲ್ಕಾರು ಮನೆಗಳಿವೆಯಂತೆ. ಗುರುತಿಲ್ಲದ ಯಾವುದೋ ಮಗುವಿಗಾಗಿ ನಾನು ಅಷ್ಟೊಂದು ಕೂಗಾಡಿದ್ದೆ. ಅದಕ್ಕೆ ಬೇಸರವಿಲ್ಲ, ಪುಟ ಚೆನ್ನಾಗಿಯೇ ಇತ್ತು. ಆದರೆ ಚೈತ್ರಾ ಯಾಕೆ ಅರ್ಜಿ ಹಾಕಲಿಲ್ಲ ಎಂದೆ.

“ಅವ್ಳು ಕೇಳುದ್ಲು, ನಾನೇ ಬ್ಯಾಡ ಅಂದೆ,” ಎಂದಳು ಪುಟ್ಟತಾಯಿ. “ಸಿಕ್ಕುದ್ರೆ ನೀನ್ ಕೊಡುಸ್ದೆ ಅಂತಾರೆ. ಸಿಗ್ದೆ ಓದ್ರೆ ಮೊಕ ತೋರ್ಸಕ್ಕಾಗ್ದೆ ನೀನು ಈ ಕಡೀಕೆ ಬರಾದೇ ಬುಟ್ಬುಡ್ತೀಯ. ಕಾಲೇಜು ಮದ್ದೂರಲ್ಲೂ ಅದೆ ಕಣೆ. ನಿನ್ನ ಎಲ್ಲಿಂದ ತರ್ಲಿ?”

ನನ್ನ ಕಣ್ಣು ತುಂಬಿತು. ನನಗಾಗಿ ಯಾರೂ ಏನನ್ನೂ ಬಿಟ್ಟುಕೊಟ್ಟದ್ದು ನೆನಪಿಲ್ಲ. ಅಷ್ಟರಲ್ಲಿ ಚೈತ್ರಾ ಕಾಫಿ ತಂದು ಕೊಟ್ಟು, ಅಲ್ಲೇ ನಿಂತು ಕೇಳಿದಳು: “ದೊಡ್ಡಮ್ಮ, ನಿಮ್ಮ ಲ್ಯಾಬಲ್ಲಿ ಒಬ್ಬೊಬ್ರಿಗೂ ಒಂದೊಂದು ಮೈಕ್ರೋಸ್ಕೋಪ್ ಅಂತೆ, ಹೌದಾ?”

ನಿಜಕ್ಕೂ ಹೌದು. ಆದರೆ ನಾನು, ಇಲ್ಲ ಮಗಾ, ಮೂರು ಜನಕ್ಕೆ ಒಂದು, ಅದರಲ್ಲೂ ಅರ್ಧ ಕೆಟ್ಟಿವೆ ಎಂದೆ. ಅವಳು ಸಮಾಧಾನವಾದವಳಂತೆ ತಲೆಯಾಡಿಸಿ ಒಳಗೆ ಹೋದಳು. ಸಮಿತಿಯಲ್ಲಿ ಇಷ್ಟು ವರ್ಷ ಕೂತು ನಾನೊಬ್ಬಳೇ ತೀರ್ಮಾನಿಸಿದ ಸೀಟು ಅಂತ ಇದ್ದರೆ ಅದು ಈ ಹುಡುಗಿಯದೇ.

ಇನ್ನೂ ಕಾಲ ಮಿಂಚಿರಲಿಲ್ಲ. ಸೀಟು ಸಿಕ್ಕವರಲ್ಲಿ ಕೆಲವರು ಬೇರೆ ಕಡೆ ಹೋಗುತ್ತಾರೆ, ಖಾಲಿಯಾದ ಜಾಗಗಳಿಗೆ ಎರಡನೇ ಸುತ್ತು ಕರೆಯುತ್ತೇವೆ, ಆಗ ಹೊಸ ಅರ್ಜಿಗಳನ್ನೂ ತೆಗೆದುಕೊಳ್ಳುತ್ತೇವೆ. ನಾಳೆಯೇ ಹಾಕಿಸು ಎಂದು ಪುಟ್ಟತಾಯಿಗೆ ಹೇಳಬೇಕೆಂದು ಲೋಟ ಕೆಳಗಿಟ್ಟೆ. ಬಾಯಿ ತೆರೆದಾಗ ಬಂದದ್ದು ಬೇರೆಯೇ.

“ಮುಂದಿನ ಭಾನುವಾರವೂ ಬರ್ತೀನಿ ಕಣೆ,” ಎಂದೆ.